ಆರ್ಡೆಲ್ಲಾ ಕೆಸ್ಲರ್‌ಳ ಎರಡು ಸೆಕೆಂಡು

ಆರ್ಡೆಲ್ಲಾ ಕೆಸ್ಲರ್ ನಿಲ್ಲಿಸಿದ ಟಿ.ವಿ. ಡಿಶ್ ಗಾಳಿಗೆ ಅಲುಗಾಡಿತು ಎಂದವರು ಕ್ಲೀಫೆಲ್ಡ್ ಊರಿನ ಸುತ್ತಮುತ್ತ ಒಬ್ಬರೂ ಇಲ್ಲ. ಹೇಳಲು ಅಂಜಿಕೆ ಅಂತಲ್ಲ. ಅದು ಅಲುಗಾಡಿದ್ದೇ ಇಲ್ಲ. ಉತ್ತರ ಡಕೋಟದ ಗಾಳಿಯೇನು ಸಾಮಾನ್ಯದ್ದಲ್ಲ. ಕೊಟ್ಟಿಗೆಯ ತಗಡನ್ನು ಕಿತ್ತು ಮೂರು ಹೊಲದಾಚೆ ಒಗೆಯುವಂಥದ್ದು. ಆ ಗಾಳಿಯಲ್ಲಿ ಮೂವತ್ತೇಳು ವರ್ಷ ಏಣಿ ಹತ್ತಿ ಇಳಿದ ಹೆಂಗಸು ಅವಳು.

ಮೊದಮೊದಲು ಅವಳು ಅಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗಿ ಕೊಡುತ್ತಿದ್ದಳು. ಡಿಶ್ ಎಂದರೆ ಆಗ ಹತ್ತಡಿ ಅಗಲದ ಬಲೆ. ಅಂಗಳದಲ್ಲಿ ನಿಲ್ಲಿಸಿದರೆ ಹಸುಗಳು ಅದರ ನೆರಳಲ್ಲಿ ಮಲಗುತ್ತಿದ್ದವು. ಅದನ್ನು ಕೂರಿಸಲು ಅಂಗಡಿಯಲ್ಲಿದ್ದ ಆಳು ಒಂದು ಜನವರಿಯಲ್ಲಿ ಚಳಿಗೆ ಹೆದರಿ ಅರಿಜೋನಾಗೆ ಓಡಿಹೋದ. ಆರ್ಡೆಲ್ಲಾ ಅವನ ಕೈಗವಸು ಹಾಕಿಕೊಂಡು ವ್ಯಾನ್ ಹತ್ತಿದಳು. "ಕಳಿಸೋಕೆ ಗಂಡಸರು ಯಾರೂ ಇಲ್ವಾ?" ಎಂದು ಫೋನಿನಲ್ಲಿ ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: "ಏಣಿ ಹಿಡ್ಕೊಳ್ಳೋಕೆ ಒಬ್ರು ಬೇಕು, ನಿಮ್ಮನೇಲಿ ಇದ್ರೆ ನಿಲ್ಸಿ."

ಅವಳ ಕೆಲಸಕ್ಕೆ ಅವಳದೇ ಎರಡು ಕಟ್ಟಳೆ. ಮೊದಲನೆಯದು, ಕಂಬಕ್ಕೆ ರಸಮಟ್ಟ ಹಿಡಿದು ನೋಡದೆ ಡಿಶ್ ಮುಟ್ಟುವಂತಿಲ್ಲ. ಕಂಬ ಕೂದಲೆಳೆಯಷ್ಟು ವಾಲಿದರೂ ಮೇಲಿನ ಲೆಕ್ಕಾಚಾರವೆಲ್ಲ ಸುಳ್ಳು. ಎರಡನೆಯದು, ಕೆಲಸ ಮುಗಿಸಿದ ಮೂರನೆಯ ದಿನ ಯಾರೂ ಕರೆಯದಿದ್ದರೂ ಹೋಗಿ ನೋಡಿ ಬರಬೇಕು. ಬೇರೆ ಸೀಮೆಯಲ್ಲಿ ಇದು ಬೇಕಾಗಿರಲಿಲ್ಲವೇನೋ. ಆದರೆ ಇಲ್ಲಿಯವರು ರಷ್ಯಾದಿಂದ ಬಂದ ಜರ್ಮನ್ ಒಕ್ಕಲುಗಳ ಮೊಮ್ಮಕ್ಕಳು; ದೂರು ಹೇಳುವುದೆಂದರೆ ಇವರಿಗೆ ಭಿಕ್ಷೆ ಬೇಡಿದಷ್ಟು ನಾಚಿಕೆ. ಕೊಡಲಿ ಕಾಲಿನ ಮೇಲೆ ಬಿದ್ದರೂ "ಪರವಾಗಿಲ್ಲ" ಎನ್ನುತ್ತಾರೆ. ಟಿ.ವಿ. ಒಂದು ವರ್ಷ ಮಂಜು ಮಂಜಾಗಿ ಬಂದರೂ ಆ ಮಂಜನ್ನೇ ನೋಡುತ್ತಾ ಕೂರುತ್ತಾರೆ. ಹಾಗಾಗಿ ಫೋನ್ ಬರಲಿಲ್ಲವೆಂದರೆ ಎಲ್ಲ ಸರಿಯಿದೆ ಎಂದು ಆರ್ಡೆಲ್ಲಾ ಯಾವತ್ತೂ ನಂಬಿದವಳಲ್ಲ.

ಕಳೆದ ಮಾರ್ಚಿನಲ್ಲಿ ರೈನ್‌ಹೋಲ್ಡ್ ಮೋಕ್‌ನ ಮನೆಯಿಂದ ಕರೆ ಬಂತು. ರೈನ್‌ಹೋಲ್ಡ್‌ಗೆ ಎಂಬತ್ನಾಲ್ಕು. ಜನವರಿಯಲ್ಲಿ ಕೊಟ್ಟಿಗೆಯ ಬಾಗಿಲಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡು ಹಿಂದಿನ ಕೋಣೆಯಲ್ಲಿ ಮಲಗಿದ್ದ. ಅವನ ಮೊಮ್ಮಗಳು ಬ್ರೆನ್ನಾ ಕ್ಲೀಫೆಲ್ಡ್ ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದಳು. ಇಪ್ಪತ್ತೆರಡು ವರ್ಷಗಳ ಮೇಲೆ ಮೊದಲ ಸಲ ಆ ತಂಡ ರಾಜ್ಯದ ಪಂದ್ಯಾವಳಿಗೆ ಮೈನಾಟ್‌ಗೆ ಹೋಗಿತ್ತು. ಆ ಹುಡುಗಿ ಐದನೇ ಕ್ಲಾಸಿನಿಂದ ಆಡಿದ ಒಂದು ಆಟವನ್ನೂ ಅಜ್ಜ ತಪ್ಪಿಸಿದವನಲ್ಲ. ಮೂರನೆಯ ಸಾಲಿನಲ್ಲಿ ಕೂತು ಅವನು ಹಾಕುವ ಕೂಗಿಗೆ ಎದುರು ಊರಿನ ರೆಫರಿಗಳೂ ಬೆಚ್ಚುತ್ತಿದ್ದರು. ಈಗ ಮಾತ್ರ ಮೈನಾಟ್ ಅವನಿಗೆ ಚಂದ್ರಲೋಕದಷ್ಟು ದೂರ. ಸೊಸೆ ಮಗಳ ಜೊತೆ ಹೋಗಿದ್ದಳು. ಹಸುಗಳು ಕರು ಹಾಕುವ ಕಾಲ, ಮಗ ಡ್ವೇನ್ ಮನೆ ಬಿಡುವಂತಿರಲಿಲ್ಲ. ಸಿಗ್ನಲ್ ಹಿಡಿಯುವ ಹಳೆಯ ಡಬ್ಬಿ ಇದ್ದದ್ದು ಮುಂದಿನ ಕೋಣೆಯ ಟಿ.ವಿ.ಗೆ ಮಾತ್ರ; ಅಜ್ಜ ಹಾಸಿಗೆಯಿಂದಲೇ ಆಟ ನೋಡುವಂತಾಗಬೇಕಿತ್ತು.

ಸೋಮವಾರ ಬೆಳಗ್ಗೆಯಿಂದ ಸಂಜೆಯವರೆಗೆ ಆರ್ಡೆಲ್ಲಾ ದುಡಿದಳು. ಹಳೆಯ ಡಿಶ್ ಕಳಚಿ, ಕಂಬ ನೆಟ್ಟಗೆ ಮಾಡಿ, ಹೊಸದನ್ನು ಏರಿಸಿದಳು. ಮುಂದಿನ ಕೋಣೆಯಲ್ಲಿ ಒಂದು ದೊಡ್ಡ ಡಬ್ಬಿ. ಆಕಾಶದಿಂದ ಬಂದದ್ದನ್ನೆಲ್ಲ ಹಿಡಿಯುವುದು ಅದೇ. ಅದರಿಂದ ಕೇಬಲ್ ಎಳೆದು ಇನ್ನು ಮೂರು ಟಿ.ವಿ.ಗಳಿಗೆ ಸಣ್ಣ ಡಬ್ಬಿಗಳು: ಅಡುಗೆಮನೆಗೊಂದು, ಕರು ಹಾಕಿಸುವ ಕೊಟ್ಟಿಗೆಯ ಬೆಚ್ಚನೆಯ ಮೂಲೆಗೊಂದು, ರೈನ್‌ಹೋಲ್ಡ್‌ನ ಹಾಸಿಗೆಯ ಎದುರಿಗೊಂದು. ಒಂದೊಂದೇ ಕೋಣೆಗೆ ಹೋಗಿ ನೋಡಿದಳು. ಚಿತ್ರ ಕನ್ನಡಿಯಂತಿತ್ತು. ಹೊರಡುವಾಗ ವ್ಯಾನಿನ ಕನ್ನಡಿಯಲ್ಲಿ ಆ ಡಿಶ್ಶನ್ನು ಇನ್ನೊಮ್ಮೆ ನೋಡಿಕೊಂಡಳು. ತನ್ನ ಕೈಕೆಲಸಕ್ಕೆ ತಾನೇ ಬೀಗುವುದರಲ್ಲಿ ಅವಳಿಗೆ ಯಾವ ಸಂಕೋಚವೂ ಇರಲಿಲ್ಲ.

ಗುರುವಾರ ಮೊದಲ ಪಂದ್ಯದಲ್ಲಿ ಕ್ಲೀಫೆಲ್ಡ್ ಗೆದ್ದಿತು. ಅಂದು ಗಾಳಿಗೆ ಹಿಮ ಎದ್ದು ಊರಿನಿಂದ ಬರುವ ದೂರದ ರಸ್ತೆ ಕಾಣಿಸದಂತಾಗಿದ್ದರಿಂದ ಆರ್ಡೆಲ್ಲಾಳ ಮೂರನೆಯ ದಿನದ ಭೇಟಿ ಶುಕ್ರವಾರಕ್ಕೆ ಹೋಯಿತು. ಅಂದು ಮಧ್ಯಾಹ್ನ ಮೂರಕ್ಕೆ ಸೆಮಿಫೈನಲ್. ಹನ್ನೊಂದಕ್ಕೆ ಅವಳು ಬಾಗಿಲು ತಟ್ಟಿದಾಗ ರೈನ್‌ಹೋಲ್ಡ್‌ನ ಹೆಂಡತಿ ಓಟಿಲಿಯಾ ಕಾಫಿ ಬಗ್ಗಿಸಿ, ಕೂಕನ್ ಎಂಬ ಕೆನೆ ತುಂಬಿದ ಜರ್ಮನ್ ಕೇಕಿನ ತುಂಡು ಕೈಗಿಟ್ಟಳು.

"ಟಿ.ವಿ. ಹೇಗಿದೆ?"

"ತುಂಬಾ ಚೆನ್ನಾಗಿದೆಯಮ್ಮ, ಏನೂ ತೊಂದ್ರೆ ಇಲ್ಲ," ಎಂದಳು ಓಟಿಲಿಯಾ, ಕಣ್ಣು ಒಲೆಯ ಮೇಲಿಟ್ಟುಕೊಂಡೇ.

ಆರ್ಡೆಲ್ಲಾ ಕೂಕನ್ ತಟ್ಟೆ ಹಿಡಿದುಕೊಂಡೇ ಹಿಂದಿನ ಕೋಣೆಗೆ ಹೋಗಿ ಕುರ್ಚಿ ಎಳೆದುಕೊಂಡಳು.

"ಚಿತ್ರ ಹೇಗ್ ಬರ್ತಿದೆ?"

"ಪರವಾಗಿಲ್ಲ," ಎಂದ ರೈನ್‌ಹೋಲ್ಡ್.

"ಶಬ್ದ?"

"ಅದೂ ಪರವಾಗಿಲ್ಲ."

ಅವಳು ಏಳಲಿಲ್ಲ. ನಿಧಾನವಾಗಿ ಕೂಕನ್ ತಿಂದಳು. ತಟ್ಟೆ ಖಾಲಿಯಾಗುವಷ್ಟರಲ್ಲಿ ಮುದುಕನಿಗೆ ತಡೆಯಲಾಗಲಿಲ್ಲ.

"ಆರ್ಡೆಲ್ಲಾ, ನೀನು ಸುಳ್ಳು ಹೇಳೋಳಲ್ಲ. ನಾನು ಸಾಯ್ತೀನಿ ಅಂತ ಡಾಕ್ಟ್ರು ಇವರ ಹತ್ರ ಏನಾದ್ರೂ ಹೇಳಿದಾರಾ?"

"ಯಾಕೆ? ಏನಾಯ್ತು?"

"ನಿನ್ನೆ ಮುಂದಿನ ಕೋಣೇಲಿ ಅಕ್ಕಪಕ್ಕದ ಹೊಲದೋರೆಲ್ಲ ಸೇರಿ ಹದಿನೈದು ಜನ ಇದ್ರು. ಹುಡುಗಿ ಹದಿನೆಂಟು ಪಾಯಿಂಟ್ ಹೊಡೆದ್ಲಂತೆ. ಶುರುವಲ್ಲಿ ಒಂದೆರಡು ಸಲ ಕೂಗಿದ್ರು, ಆಮೇಲೆ ಒಬ್ರೂ ಉಸಿರೆತ್ತಲಿಲ್ಲ. ಹೆಣ ಇಟ್ಟ ಮನೆ ಇದ್ದ ಹಾಗಿತ್ತು. ಮೋಕ್ ಮನೆಯೋರು ಬ್ಯಾಸ್ಕೆಟ್‌ಬಾಲ್ ಮುಂದೆ ಸುಮ್ನೆ ಕೂತಿದ್ದು ನಾನು ನೋಡೇ ಇಲ್ಲ. ಅರ್ಧದಲ್ಲೇ ಆರಿಸಿಬಿಟ್ಟೆ. ಒಬ್ನೇ ಕೂಗಿ ಏನ್ ಮಾಡ್ಲಿ?"

ಆರ್ಡೆಲ್ಲಾ ಸೀದಾ ಅಡುಗೆಮನೆಗೆ ಬಂದಳು. ಕೊಟ್ಟಿಗೆಯಿಂದ ಆಗಷ್ಟೇ ಬಂದು ಬೂಟು ಬಿಚ್ಚುತ್ತಿದ್ದ ಡ್ವೇನ್‌ನನ್ನು ಹಿಡಿದು, ನಿನ್ನೆ ಎಲ್ಲರೂ ಯಾಕೆ ಸುಮ್ಮನೆ ಕೂತಿದ್ದರೆಂದು ಕೇಳಿದಳು. ಅವನು ಅವ್ವನ ಮುಖ ನೋಡಿದ, ಅವ್ವ ಅವನ ಮುಖ ನೋಡಿದಳು.

"ಅಪ್ಪನ ಕೋಣೇಲಿ ಎರಡು ಸೆಕೆಂಡು ತಡವಾಗಿ ಬರುತ್ತೆ," ಎಂದ ಡ್ವೇನ್ ಕೊನೆಗೆ. "ಬಾಲು ಒಳಗೆ ಬಿತ್ತು ಅಂತ ನಾವು ಇಲ್ಲಿ ಕೂಗಿದ್ರೆ, ಅಲ್ಲಿ ಅದಿನ್ನೂ ಹುಡುಗಿ ಕೈಯಲ್ಲೇ ಇರುತ್ತೆ. ಅವ್ವ ಅಪ್ಪನ ಹತ್ರಾನೇ ಇದ್ಲು, ನೋಡಿದ್ಲು. ಎಲ್ಲಾ ಮೊದ್ಲೇ ಗೊತ್ತಾಗಿಬಿಟ್ರೆ ಅಪ್ಪನಿಗೆ ನೋಡೋಕೇನು ಉಳೀತು? ಅದಕ್ಕೇ ಎಲ್ರೂ ಬಾಯಿ ಮುಚ್ಕೊಂಡ್ವಿ."

"ನಂಗೆ ಒಂದು ಫೋನ್ ಮಾಡೋಕೇನಾಗಿತ್ತು ನಿಂಗೆ?"

"ನೀನು ಇಡೀ ದಿನ ಚಳೀಲಿ ನಿಂತು ಅಷ್ಟು ಚೆನ್ನಾಗಿ ಮಾಡ್ಕೊಟ್ಟಿದ್ದೆ. ಎರಡು ಸೆಕೆಂಡಿಗೋಸ್ಕರ ಹೇಗೆ ಫೋನ್ ಮಾಡೋದು?"

ಆರ್ಡೆಲ್ಲಾಳ ಕಿವಿ ಬಿಸಿಯಾಯಿತು. ಸಣ್ಣ ಡಬ್ಬಿ ದೊಡ್ಡದಕ್ಕಿಂತ ಚೂರು ಹಿಂದೆ ಬೀಳುವುದು ಅವಳಿಗೆ ಗೊತ್ತಿತ್ತು. ಆದರೆ ಒಂದೇ ಸೂರಿನಡಿ ಎರಡು ಕೋಣೆಯವರು ಒಂದೇ ಆಟಕ್ಕೆ ಕಿರುಚುವರೆಂದು ಅವಳು ಯೋಚಿಸಿರಲೇ ಇಲ್ಲ. ಸೋಮವಾರ ಎರಡು ಟಿ.ವಿ.ಗಳನ್ನು ಒಟ್ಟಿಗೆ ಹಾಕಿಯೂ ನೋಡಿರಲಿಲ್ಲ. ತಾನು ಮಾಡಿದ ಕೆಲಸ ಒಂದು ತುಂಬಿದ ಮನೆಯ ಬಾಯಿ ಕಟ್ಟಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಇವರ ಸಭ್ಯತೆಯ ಮೇಲೂ ರೇಗಿತು. ಮುದುಕನಿಗೆ ಬೇಸರವಾಗಬಾರದೆಂದು ಇವರು ಸುಮ್ಮನಿದ್ದರು. ಇವರಿಗೆ ಬೇಸರವಾಗಬಾರದೆಂದು ಮುದುಕ ಸುಮ್ಮನಿದ್ದ. ಆರ್ಡೆಲ್ಲಾಳಿಗೆ ಬೇಸರವಾಗಬಾರದೆಂದು ಎಲ್ಲರೂ ಸುಮ್ಮನಿದ್ದರು.

ಆ ಎರಡು ಸೆಕೆಂಡನ್ನು ಅಳಿಸುವುದು ಅವಳ ಕೈಯಲ್ಲಿರಲಿಲ್ಲ. ಆದರೆ ಅದು ಯಾರ ಪಾಲಿಗೆ ಬರಬೇಕು ಎಂಬುದು ಅವಳ ಕೈಯಲ್ಲಿತ್ತು.

"ಡ್ವೇನ್, ಬೂಟು ಹಾಕ್ಕೋ. ಏಣಿ ಹಿಡಿಬೇಕು."

"ಈ ಗಾಳೀಲಾ? ನಿಂಗೇನ್ ತಲೆ ಕೆಟ್ಟಿದೆಯಾ?"

"ಮೂರು ಗಂಟೆಗೆ ಆಟ. ಮಾತು ಆಮೇಲೆ ಆಡು."

ದೊಡ್ಡ ಡಬ್ಬಿ ಹಿಂದಿನ ಕೋಣೆಗೆ ಹೋಗಬೇಕಾದರೆ ಡಿಶ್‌ನಿಂದ ಅಲ್ಲಿಗೇ ನೇರವಾಗಿ ಹೊಸ ಕೇಬಲ್ ಎಳೆಯಬೇಕು. ದಾರಿ ಇದ್ದದ್ದು ಬಡಗಣ ಗೋಡೆಯ ಮೇಲೆ, ಗಾಳಿ ಮುಖಕ್ಕೆ ಹೊಡೆಯುವ ಕಡೆ. ವ್ಯಾನಿನಲ್ಲಿದ್ದ ಕೇಬಲ್ ಸುರುಳಿ ಚಳಿಗೆ ಸೆಟೆದು, ಬಗ್ಗಿಸಿದರೆ ಸೀಳುವಂತಾಗಿತ್ತು. ಓಟಿಲಿಯಾ ಅದನ್ನು ಒಲೆಯ ಪಕ್ಕ, ನಾದಿಟ್ಟ ಹಿಟ್ಟಿನ ಜೊತೆಗಿಟ್ಟು ಬಿಸಿ ಮಾಡಿ ಕೊಟ್ಟಳು. ಆರ್ಡೆಲ್ಲಾ ಒಂದೊಂದು ಮೊಳೆ ಹೊಡೆಯಲೂ ಗವಸು ಬಿಚ್ಚಬೇಕಿತ್ತು, ಹೊಡೆದ ಮೇಲೆ ಬೆರಳನ್ನು ಕಂಕುಳಲ್ಲಿಟ್ಟು ಜೀವ ಬರಿಸಬೇಕಿತ್ತು. ಕೆಳಗೆ ಡ್ವೇನ್ ಏಣಿಯನ್ನು ಅಪ್ಪಿ ಹಿಡಿದು ಏನೇನೋ ಬೈಯುತ್ತಿದ್ದ; ಗಾಳಿಗೆ ಒಂದೂ ಕೇಳಿಸಲಿಲ್ಲ.

ಒಳಗಿನಿಂದ ಗೋಡೆಗೆ ತೂತು ಕೊರೆಯುವಾಗ ರೈನ್‌ಹೋಲ್ಡ್ ದಿಂಬಿನಿಂದ ತಲೆಯೆತ್ತಿದ.

"ಯಾಕಮ್ಮ ಇಷ್ಟೆಲ್ಲ? ಇದ್ದದ್ದೇ ಪರವಾಗಿಲ್ಲ ಅಂದ್ನಲ್ಲ."

"ನಿಮ್ಗೆ ಪರವಾ ಇಲ್ದೇ ಇರಬಹುದು. ನನ್ ಹೆಸರಿನ ಕೆಲಸ ಇದು, ನಂಗಿದೆ."

ಎರಡು ಮುಕ್ಕಾಲಿಗೆ ದೊಡ್ಡ ಡಬ್ಬಿ ಅವನ ಹಾಸಿಗೆಯ ಎದುರು ಕೂತಿತು. ಸಣ್ಣದು ಮುಂದಿನ ಕೋಣೆಗೆ ಬಂತು. ಈ ಸಲ ಅವಳು ಎರಡನ್ನೂ ಒಟ್ಟಿಗೆ ಹಾಕಿ, ಕೋಣೆಗಳ ನಡುವಿನ ಕಿರುದಾರಿಯಲ್ಲಿ ನಿಂತು ಅತ್ತಿತ್ತ ನೋಡಿದಳು. ಅಷ್ಟರಲ್ಲಿ ನೆರೆಯವರು ಹಿಮ ಕೊಡವುತ್ತಾ ಬಂದು ಸದ್ದಿಲ್ಲದೆ ಕೂತಿದ್ದರು. ಒಬ್ಬ ಆಗಲೇ ಬಾಯಿಗೆ ಟೋಪಿ ಒತ್ತಿಕೊಂಡಿದ್ದ.

"ಆ ಟೋಪಿ ತೆಗಿ," ಎಂದಳು ಆರ್ಡೆಲ್ಲಾ. "ಇವತ್ತು ಬಾಯಿ ಮುಚ್ಕೊಂಡು ಕೂತೋರು ಎದ್ದು ಮನೆಗೆ ಹೋಗಬಹುದು. ಈಗ ಎಲ್ಲಾ ಮೊದ್ಲು ಗೊತ್ತಾಗೋದು ರೈನ್‌ಹೋಲ್ಡ್‌ಗೆ, ಆಮೇಲೆ ನಿಮ್ಗೆ."

"ಹಾಗಾದ್ರೆ ಅವ್ರು ಕೂಗಿದ್ರೆ ನಮ್ಗೆ ಮೊದ್ಲೇ ಗೊತ್ತಾಗಿಬಿಡುತ್ತಲ್ಲ!" ಎಂದ ಟೋಪಿಯವನು.

"ಗೊತ್ತಾಗ್ಲಿ," ಎಂದಳು ಓಟಿಲಿಯಾ ಬಾಗಿಲಿನಿಂದ. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ಎರಡು ತಿಂಗಳಿಂದ ಈ ಮನೇಲಿ ಅವರಿಗೆ ಎಲ್ಲಾ ಕೊನೇಲೇ ಗೊತ್ತಾಗ್ತಿದೆ. ಕರು ಹುಟ್ಟಿದ್ದೂ ಕೊನೇಲೇ, ಸತ್ತಿದ್ದೂ ಕೊನೇಲೇ."

ಆಟ ಶುರುವಾಯಿತು. ಮೊದಲ ಸಲ ಹಿಂದಿನ ಕೋಣೆಯಿಂದ ಕೂಗು ಬಂದಾಗ ಅದು ಸಣ್ಣದಿತ್ತು, ಅಂಜಿಕೆಯದಿತ್ತು. ಎರಡು ಸೆಕೆಂಡಿನ ಮೇಲೆ ಮುಂದಿನ ಕೋಣೆ ಸಿಡಿಯಿತು. ಅಲ್ಲಿಂದ ಮುಂದೆ ಮುದುಕನ ಗಂಟಲಿಗೆ ಹಳೆಯ ಕಸುವು ಬಂತು. "ಅಯ್ಯೋ, ಬಿಟ್ಲಲ್ಲ!" ಎಂದು ಅವನು ಗೋಳಾಡಿದರೆ ಇಲ್ಲಿ ಎಲ್ಲರೂ ತಲೆಯ ಮೇಲೆ ಕೈಹೊತ್ತು ಆ ತಪ್ಪಿಗಾಗಿ ಕಾಯುತ್ತಿದ್ದರು. ಒಬ್ಬರೂ ಗೊಣಗಲಿಲ್ಲ.

ಕೊನೆಗೆ ಐವತ್ತೊಂದಕ್ಕೆ ಐವತ್ತೊಂದು. ಉಳಿದದ್ದು ಒಂದೇ ಸೆಕೆಂಡು. ಬ್ರೆನ್ನಾಳನ್ನು ಯಾರೋ ತಳ್ಳಿದ್ದಕ್ಕೆ ಅವಳಿಗೆ ಯಾರೂ ಅಡ್ಡ ಬರದ ಒಂದು ಎಸೆತ ಸಿಕ್ಕಿತು. ಮುಂದಿನ ಕೋಣೆಯ ಪರದೆಯಲ್ಲಿ ಹುಡುಗಿ ಚೆಂಡು ಕೈಯಲ್ಲಿ ಹಿಡಿದು ಉಸಿರು ಬಿಡುತ್ತಾ ನಿಂತಿದ್ದಳು. ಹದಿನೈದು ಜನ ಅವಳ ಕೈ ನೋಡುತ್ತಿರಲಿಲ್ಲ. ಹಿಂದಿನ ಕೋಣೆಯ ಬಾಗಿಲಿನತ್ತ ಕಿವಿಯಾಗಿದ್ದರು.

ಆರ್ಡೆಲ್ಲಾ ನಡುವಿನ ಕಿರುದಾರಿಯಲ್ಲಿದ್ದಳು. ಅವಳು ಯಾವ ಪರದೆಯನ್ನೂ ನೋಡಲಿಲ್ಲ, ರೈನ್‌ಹೋಲ್ಡ್‌ನನ್ನು ನೋಡಿದಳು. ಅವನು ಮೊಣಕೈ ಊರಿ ಅರ್ಧ ಎದ್ದಿದ್ದ. ಅವನ ಬಾಯಿ ತೆರೆಯಿತು, ಕತ್ತಿನ ನರ ಉಬ್ಬಿತು.

"ಒಳಗೆ! ಒಳಗೆ ಹೋಯ್ತು! ನನ್ ಹುಡುಗಿ ಕಣ್ರೋ!"

ಚೆಂಡಿನ್ನೂ ಹುಡುಗಿಯ ಕೈಯಲ್ಲಿರುವಾಗಲೇ ಮುಂದಿನ ಕೋಣೆಯವರೆಲ್ಲ ಎದ್ದು ಕುಣಿಯತೊಡಗಿದರು. ಡ್ವೇನ್ ಅಳುತ್ತಿದ್ದ. ಮೂವತ್ತೇಳು ವರ್ಷದಲ್ಲಿ ಇಂಥ ಕೆಲಸ ತಾನು ಇನ್ನೊಂದು ಮಾಡಿಲ್ಲವೆಂದು ಆರ್ಡೆಲ್ಲಾಳಿಗೆ ಅನ್ನಿಸಿತು, ಅನ್ನಿಸಿದ್ದಕ್ಕೆ ಹೆಮ್ಮೆಯೂ ಆಯಿತು. ರೈನ್‌ಹೋಲ್ಡ್ ಹಾಸಿಗೆಯಿಂದಲೇ ಮನೆ ಹಾರಿಹೋಗುವಂತೆ ಕೂಗಿ ಕೇಳುತ್ತಿದ್ದ:

"ಏನ್ರೋ, ನಿಮ್ಗಿನ್ನೂ ಬಂದಿಲ್ವಾ?"