ಕರೆಯದೆ ಬರುವವರಿಗೊಂದು ಬಾಗಿಲು

2020ರಲ್ಲಿ ನಾನು ಐರೋಲಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಡಿಸೈನ್ ಲೀಡ್ ಆಗಿದ್ದೆ. ಡಿಸೈನ್ ಎಂದರೆ ಬಣ್ಣ ಬಳಿಯುವ ಕೆಲಸ ಎಂದು ನಮ್ಮ ನೆಂಟರು ಇವತ್ತಿಗೂ ತಿಳಿದಿದ್ದಾರೆ. ಆಪ್‌ನಲ್ಲಿ ಯಾವ ಪರದೆಯ ನಂತರ ಯಾವುದು ಬರಬೇಕು, ಗುಂಡಿಯ ಮೇಲೆ ಯಾವ ಮಾತಿರಬೇಕು, ಬಳಸುವವರು ಎಲ್ಲಿ ಗಲಿಬಿಲಿಗೊಳ್ಳುತ್ತಾರೆ ಎಂದು ಮುಂಚೆಯೇ ಯೋಚಿಸುವುದು ನನ್ನ ಕೆಲಸ. ಬಹಳ ವರ್ಷ ಮಾಡಿದ್ದರಿಂದ ನನಗೆ ಗೊತ್ತಿಲ್ಲದ್ದೇನಿದೆ ಎಂಬ ಸಣ್ಣ ಜಂಬವೂ ಇತ್ತು.

ಲಾಕ್‌ಡೌನ್ ಶುರುವಾಗಿ ಲೋಕಲ್ ರೈಲು ನಿಂತ ಮೇಲೆ, ಕಂಪನಿಯವರು ಸಮಾಜಕ್ಕೆ ಉಪಯೋಗವಾಗುವಂಥದ್ದೇನಾದರೂ ಮಾಡಿ ಎಂದು ನನಗೂ ಠಾಣೆ ಪಟ್ಟಣದಲ್ಲಿದ್ದ ಪ್ರೋಗ್ರಾಮರ್ ಅಮೋಲ್‌ಗೂ ಹೇಳಿದರು. ಮನೆಯೊಳಗೆ ಒಂಟಿಯಾಗಿ ಸಿಕ್ಕಿಬಿದ್ದವರು ತಮಗೆ ಬರುವ ವಿದ್ಯೆಯನ್ನು ವಿಡಿಯೊದಲ್ಲಿ ಇನ್ನೊಬ್ಬರಿಗೆ ಕಲಿಸುವ ಒಂದು ವೇದಿಕೆಯನ್ನು ನಾವು ಯೋಚಿಸಿದೆವು. ಶುಲ್ಕವಿಲ್ಲ, ಸರ್ಟಿಫಿಕೇಟ್ ಇಲ್ಲ. ಕಲಿಸುವ ಪ್ರತಿಯೊಬ್ಬರಿಗೂ ಒಂದು ಕೋಣೆ. ನನಗೆ ಪರಿಚಯವಿದ್ದವರು ಈ ಮರಾಠಿ ಸೀಮೆಯ ಕನ್ನಡಿಗರು, ಹಾಗಾಗಿ ಮೊದಲ ಪ್ರಯೋಗ ಅವರ ನಡುವೆಯೇ ನಡೆಯಿತು.

ಕಾಮೋಠೆಯ ಸುಮತಿಯಕ್ಕ ಹೂ ಕಟ್ಟುವುದನ್ನು ಕಲಿಸಲು ಒಪ್ಪಿದರು. ಉಡುಪಿ ಕಡೆಯವರು. ಮಕ್ಕಳಿಲ್ಲ. ಗಂಡ ಜಗನ್ನಾಥಣ್ಣ ವಾಶಿಯ ಒಂದು ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿದ್ದವರು. ಹೋಟೆಲ್ ಮುಚ್ಚಿ ಮನೆಯಲ್ಲೇ ಇದ್ದರು. ಮಾರ್ಕೆಟ್ಟಿನಲ್ಲಿ ಹೂವೇ ಇಲ್ಲದ ಕಾಲ ಅದು. ಸುಮತಿಯಕ್ಕ ಹಳೆಯ ಪೇಪರನ್ನು ಮೊಗ್ಗಿನ ಹಾಗೆ ಸುರುಳಿ ಸುತ್ತಿ, ಬಾಳೆನಾರಿನ ಬದಲು ಹೊಲಿಗೆ ದಾರದಲ್ಲಿ ಕಟ್ಟಿ ತೋರಿಸುತ್ತಿದ್ದರು. ದಾರದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಳ್ಳೋಣವೆಂದರೆ ಮಂಡಿನೋವು. ಆದ್ದರಿಂದ ಜಗನ್ನಾಥಣ್ಣ ಪಕ್ಕದಲ್ಲಿ ಕುಳಿತು ತುದಿ ಹಿಡಿಯುತ್ತಿದ್ದರು. ಪರದೆಯ ಅಂಚಿನಲ್ಲಿ ಅವರ ಕೈ ಮಾತ್ರ ಕಾಣುತ್ತಿತ್ತು. ಅವರಿಗೆ ತೂಕಡಿಕೆ ಬಂದು ದಾರ ಜೋತುಬಿದ್ದರೆ ಸುಮತಿಯಕ್ಕ ತಲೆಯೆತ್ತದೆಯೇ ಹೇಳುವರು, "ಸಡಿಲ ಬಿಡ್ಬೇಡಿ ಮಾರಾಯ್ರೆ." ಪ್ರತಿ ಕ್ಲಾಸಿನಲ್ಲೂ ಒಮ್ಮೆಯಾದರೂ ಈ ಮಾತು ಬರಲೇಬೇಕು. ಕಲಿಯುವವರೆಲ್ಲ ಅದಕ್ಕಾಗಿ ಕಾದು ನಗುತ್ತಿದ್ದರು.

ಅವರಲ್ಲಿ ಡೊಂಬಿವಲಿಯ ಶೈಲಾ ಎಂಬವರು ಒಂದು ದಿನವೂ ತಪ್ಪಿಸಿದವರಲ್ಲ. ವಿಜಯಪುರದವರು, ಒಬ್ಬರೇ ಇದ್ದರು. ಅವರ ಗಂಟು ಕೊನೆಯವರೆಗೂ ನೆಟ್ಟಗೆ ಬರಲಿಲ್ಲ, ಅವರು ಬೇಸರಿಸಿಕೊಳ್ಳಲೂ ಇಲ್ಲ.

ಶುರುವಿನಲ್ಲಿ ಕೋಣೆಗಳಿಗೆ ಬಾಗಿಲಿರಲಿಲ್ಲ. ಲಿಂಕ್ ಸಿಕ್ಕವರೆಲ್ಲ ನುಗ್ಗಬಹುದಿತ್ತು. ಒಂದು ಕ್ಲಾಸಿಗೆ ಯಾರೋ ಕಿಡಿಗೇಡಿಗಳು ಬಂದು ಹೊಲಸು ಮಾತಾಡಿ ಹೋದ ಮೇಲೆ ನಾವು ವೇಟಿಂಗ್ ರೂಮ್ ಇಟ್ಟೆವು. ಬಂದವರು ಹೊರಗೆ ಕಾಯಬೇಕು, ಅವರ ಹೆಸರು ಕಲಿಸುವವರಿಗೆ ಕಾಣುತ್ತದೆ, ಅವರು ಗುಂಡಿ ಒತ್ತಿದರೆ ಮಾತ್ರ ಪ್ರವೇಶ. ಗುಂಡಿಯ ಮೇಲೆ 'ಅಡ್ಮಿಟ್' ಎಂದಿತ್ತು. ಆ ದಿನಗಳಲ್ಲಿ ಆಸ್ಪತ್ರೆಯ ಆ ಪದ ಯಾರಿಗೆ ಬೇಕಿತ್ತು? ನಾನು ಅದನ್ನು ತೆಗೆದು 'ಒಳಗೆ ಬನ್ನಿ' ಎಂದು ಬರೆಸಿದೆ. ಎಲ್ಲರೂ ಮೆಚ್ಚಿಕೊಂಡರು.

ಮಳೆಗಾಲದಲ್ಲಿ ಗಂಡಹೆಂಡಿರಿಬ್ಬರಿಗೂ ಪಾಸಿಟಿವ್ ಬಂತು. ಸುಮತಿಯಕ್ಕನಿಗೆ ಅಂಥ ತೊಂದರೆಯಿರಲಿಲ್ಲ. ಜಗನ್ನಾಥಣ್ಣನನ್ನು ಆಂಬುಲೆನ್ಸಿನಲ್ಲಿ ಕರೆದೊಯ್ದರು. ಫ್ಲ್ಯಾಟಿನ ಬಾಗಿಲಿಗೆ ಯಾರೂ ಒಳಹೋಗಬಾರದೆಂಬ ನೋಟಿಸ್ ಅಂಟಿಸಿದರು. ಮರುದಿನ ನಾಲ್ಕು ಗಂಟೆಗೆ ಸುಮತಿಯಕ್ಕ ಕ್ಲಾಸಿಗೆ ಬಂದೇಬಂದರು. ದಾರದ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿದ್ದರು. "ಅವ್ರು ಬರುವ ತನಕ ಇದೇ ಗತಿ," ಎಂದು ನಕ್ಕರು.

ಅವರು ಬರಲಿಲ್ಲ. ಆಸ್ಪತ್ರೆಯಿಂದ ಫೋನ್ ಬಂತು, ಅಷ್ಟೇ. ಮುಖ ನೋಡುವುದಕ್ಕೂ ಆಗಲಿಲ್ಲ. ಊರಿನಿಂದ ಯಾರೂ ಬರುವಂತಿರಲಿಲ್ಲ. ಎದುರು ಫ್ಲ್ಯಾಟಿನವರು ಊಟದ ಡಬ್ಬಿಯನ್ನು ಹೊಸ್ತಿಲಲ್ಲಿಟ್ಟು ಹಿಂದೆ ಸರಿಯುತ್ತಿದ್ದರು.

ನಾನು ಆ ವಾರದ ಕ್ಲಾಸುಗಳನ್ನು ರದ್ದು ಮಾಡಿದೆ. ಆದರೂ ಮರುದಿನ ನಾಲ್ಕು ಗಂಟೆಯ ಹೊತ್ತಿಗೆ ಶೈಲಾ ಫೋನ್ ಮಾಡಿದರು.

"ವೀಣಾ ಅವ್ರ, ನಾವೆಲ್ಲಾರೂ ಹೊರಗ ನಿಂತೇವ್ರೀ. ಅಕ್ಕಾರು ಬಾಗ್ಲಾ ತಗೀವಲ್ರು."

"ಕ್ಲಾಸ್ ಇಲ್ಲ ಅಂತ ಮೆಸೇಜ್ ಕಳಿಸಿದ್ದೆನಲ್ಲ?"

"ಕ್ಲಾಸಿಗೆ ಯಾರ್ ಬಂದಾರ್ರೀ? ಮಾತಾಡ್ಸಾಕ ಬಂದೇವಿ. ಮನೀಗಂತೂ ಹೋಗಾಕ ಬರೂದಿಲ್ಲ."

ಕಂಪ್ಯೂಟರ್ ತೆರೆದು ನೋಡಿದೆ. ಸುಮತಿಯಕ್ಕ ತಮ್ಮ ಕೋಣೆಯಲ್ಲಿ ಒಬ್ಬರೇ ಇದ್ದರು. ಹೊರಗೆ ಅಷ್ಟೂ ಜನರ ಹೆಸರು ಒಂದರ ಕೆಳಗೊಂದು. ಗುಂಡಿ ಕೆಟ್ಟಿದೆಯೇನೋ ಎಂದು ಸುಮತಿಯಕ್ಕನಿಗೆ ಫೋನ್ ಹಚ್ಚಿದೆ.

"ಅಕ್ಕ, ಎಲ್ಲರೂ ಕಾಯ್ತಿದ್ದಾರೆ."

"ಕಾಣ್ತದೆ ಮಗಾ. ಹೆಸರೆಲ್ಲ ಕಾಣ್ತಾ ಉಂಟು. ಆದ್ರೆ ಅದನ್ನು ಒತ್ತುದು ಹೇಗೆ? ಸಾವಿನ ಮನೆಗೆ ಬನ್ನಿ ಅಂತ ಯಾರಾದ್ರೂ ಕರೀತಾರಾ?"

ಇದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ನಮ್ಮಲ್ಲಿ ಮದುವೆಗೆ ಕರೆಯಬೇಕು, ಸಾವಿಗೆ ಕರೆಯಬಾರದು. ಸುದ್ದಿ ತಿಳಿದವರು ತಾವಾಗಿ ಬರುತ್ತಾರೆ. ಬಾಗಿಲು ತೆರೆದೇ ಇರುತ್ತದೆ. ಮನೆಯವರು ಬನ್ನಿ ಎನ್ನುವುದಿಲ್ಲ. ಹೊರಡುವವರು ಬರುತ್ತೇನೆ ಎನ್ನುವುದಿಲ್ಲ, ಸುಮ್ಮನೆ ಎದ್ದು ಹೋಗುತ್ತಾರೆ. ಚಿಕ್ಕಂದಿನಿಂದ ನೋಡಿದ್ದು ಇದನ್ನೇ. ಆ ಹೆಂಗಸು ಗಂಡನನ್ನು ಕಳೆದುಕೊಂಡು, ಬೀಗ ಹಾಕಿದಂಥ ಮನೆಯಲ್ಲಿ, ಅಳುವುದಕ್ಕೆ ಒಂದು ಹೆಗಲಿಲ್ಲದೆ, ತನಗಾಗಿ ಬಂದವರ ಹೆಸರುಗಳನ್ನು ನೋಡುತ್ತ ಕುಳಿತಿದ್ದರು. ನಡುವೆ ಇದ್ದದ್ದು ನಾನು ಬರೆಸಿದ ಗುಂಡಿ.

ಅಮೋಲ್‌ಗೆ ಫೋನ್ ಮಾಡಿ ಆ ಕೋಣೆಯ ವೇಟಿಂಗ್ ರೂಮನ್ನು ಈಗಲೇ ತೆಗೆಯಬೇಕು ಎಂದೆ. ಸೇಫ್ಟಿಯ ಗತಿಯೇನು, ಮೇಲಿನವರ ಅಪ್ರೂವಲ್ ಎಲ್ಲಿ ಎಂದು ಅವನು ರಾಗ ಎಳೆದ. ಕಾರಣ ಹೇಳಿದೆ. "ಆಮ್ಚ್ಯಾತ್ ಪಣ್ ಅಸಂಚ್ ಆಹೆ," ಎಂದ ಮರಾಠಿಯಲ್ಲಿ. ನಮ್ಮಲ್ಲೂ ಹಾಗೆಯೇ ಎಂದು. ಮತ್ತೆ ಅಪ್ರೂವಲ್ಲಿನ ಮಾತೆತ್ತಲಿಲ್ಲ.

ಬಾಗಿಲು ಹೋಯಿತು. ಎಲ್ಲರ ಮುಖಗಳೂ ಒಟ್ಟಿಗೇ ಪರದೆಯ ಮೇಲೆ ಬಂದವು. ಸುಮತಿಯಕ್ಕ ಒಬ್ಬೊಬ್ಬರನ್ನೇ ನೋಡಿದರು. ಶೈಲಾರ ಮುಖ ಕಂಡದ್ದೇ ಸೆರಗನ್ನು ಬಾಯಿಗೊತ್ತಿಕೊಂಡು ಜೋರಾಗಿ ಅತ್ತುಬಿಟ್ಟರು. ಸುದ್ದಿ ಬಂದ ಮೇಲೆ ಅವರು ಅತ್ತದ್ದು ಅದೇ ಮೊದಲಂತೆ. "ಒಬ್ಬಳೇ ಕೂತು ಅಳ್ಳಿಕ್ಕೂ ಬರುದಿಲ್ಲ ಮಗಾ," ಎಂದು ಆಮೇಲೆ ನನಗೆ ಹೇಳಿದರು. ಅವತ್ತು ನಾನೂ ಅತ್ತೆ, ಕೆಲಸದ ಖುರ್ಚಿಯಲ್ಲೇ ಕುಳಿತು. ಹೊರಡುವಾಗ ಯಾರೂ 'ಹೋಗಿ ಬರುತ್ತೇನೆ' ಎಂಬ ಗುಂಡಿ ಒತ್ತಲಿಲ್ಲ. ಅದನ್ನು ಬರೆಸಿದವಳೂ ನಾನೇ. ಒಬ್ಬೊಬ್ಬರಾಗಿ ಫೋನ್ ಆರಿಸಿ ಮಾಯವಾದರು.

ಸೂತಕ ಮುಗಿಯುವವರೆಗೂ ಅವರೆಲ್ಲ ದಿನಾ ನಾಲ್ಕಕ್ಕೆ ಬಂದು ಕುಳಿತರು. ಕೊನೆಗೊಂದು ದಿನ ಸುಮತಿಯಕ್ಕ, "ನಾನಿನ್ನು ಹೂ ಕಲಿಸಿದ್ರೆ ನಿಮ್ಮ ಮನೆಯವರಿಗೆ ಬೇಜಾರಾಗುದಿಲ್ವಾ?" ಎಂದು ಕೇಳಿದರು.

ಶೈಲಾ ಹೇಳಿದರು, "ಅಕ್ಕಾರ, ನಮ್ಮ ಮನ್ಯಾವ್ರು ಹೋಗಿ ಭಾಳ ವರ್ಸ ಆತ್ರೀ. ಇಷ್ಟ್ ದಿನ ನಾ ನಿಮ್ಮ ಕಡೆ ಹೂ ಕಲೀಲಿಲ್ಲೇನು?"

ಅಷ್ಟು ದಿನಗಳಲ್ಲಿ ಅವರು ಅದನ್ನು ಯಾರಿಗೂ ಹೇಳಿರಲಿಲ್ಲ. ಸುಮತಿಯಕ್ಕ ಎದ್ದು ಹೋಗಿ ದಾರದ ಉಂಡೆ ತಂದರು.

ರೈಲುಗಳು ಮತ್ತೆ ಓಡತೊಡಗಿದ ಮೇಲೆ ಜನರಿಗೆ ಪುರುಸೊತ್ತಿಲ್ಲದಾಯಿತು. ಕಂಪನಿ ಆ ವೇದಿಕೆಯನ್ನು ಮುಚ್ಚಿತು. ನಾನು ಅದನ್ನು ಹೇಳುವುದಕ್ಕೆಂದೇ ಕಾಮೋಠೆಗೆ ಹೋದೆ. ಸುಮತಿಯಕ್ಕನನ್ನು ಎದುರೆದುರು ನೋಡಿದ್ದು ಅದೇ ಮೊದಲು. ಬಾಗಿಲು ತೆರೆದು, "ಬಾ ಬಾ, ಒಳಗೆ ಬಾ," ಎಂದರು. ಮುಚ್ಚುವ ಸುದ್ದಿಗೆ "ಹೌದಾ" ಎಂದಷ್ಟೇ ಹೇಳಿ ಚಹಾಕ್ಕಿಟ್ಟರು. ಕಿಟಕಿಯ ಸರಳಿನಲ್ಲಿ ದಾರದ ತುಂಡುಗಳು ಗಂಟುಗಂಟಾಗಿ ಉಳಿದಿದ್ದವು.

ಮೇಜಿನ ಮೇಲೆ ಪೊಟ್ಟಣದಲ್ಲಿ ನಿಜವಾದ ಮಲ್ಲಿಗೆಯಿತ್ತು. ಫೋಟೋಕ್ಕೆ ಹಾಕಲಿಕ್ಕೆ ಎಂದರು. ಚಹಾ ಕುಡಿದಾದ ಮೇಲೆ, "ಇದರ ತುದಿ ಒಂಚೂರು ಹಿಡ್ಕೊಳ್ತೀಯಾ?" ಎಂದು ಕೇಳಿದರು. ಹಿಡಿದುಕೊಂಡೆ. ಅವರು ತಲೆ ಬಗ್ಗಿಸಿ ಕಟ್ಟತೊಡಗಿದರು. ಗಾಡಿಯ ಹಾರ್ನ್ ಕೇಳಿ ನಾನು ಹೊರಗೆ ನೋಡಿದಾಗ ದಾರ ಜೋತುಬಿದ್ದಿರಬೇಕು.

"ಸಡಿಲ ಬಿಡ್ಬೇಡಿ ಮಾರಾಯ್ರೆ," ಎಂದರು ಸುಮತಿಯಕ್ಕ.

ಹಾಗೆಂದವರ ಕೈ ನಿಂತಿತು. ಅವರು ತಲೆಯೆತ್ತಲಿಲ್ಲ.

ಆಮೇಲೆ ಬೇರೆ ಬೇರೆ ಆಪ್‌ಗಳ ಕೆಲಸ ಮಾಡಿದ್ದೇನೆ. ಬಳಸುವವರ ಮನೆಯಲ್ಲಿ ಸಾವಾದರೆ ಈ ಬಾಗಿಲು ಹೇಗೆ ತೆರೆಯುತ್ತದೆ ಎಂದು ಪ್ರತಿ ಸಲವೂ ಕೇಳುತ್ತೇನೆ. ಹೊಸ ಹುಡುಗರು ವಿಚಿತ್ರವಾಗಿ ನೋಡುತ್ತಾರೆ. ಬಾಗಿಲು ಸರಿಯಾಗಿದ್ದರೆ ಜನ ಒಳಗೆ ಬರುತ್ತಾರೆ, ಜೊತೆಗೆ ಕುಳಿತುಕೊಳ್ಳುತ್ತಾರೆ. ಅಲ್ಲಿಯವರೆಗಿನದ್ದು ನಮ್ಮ ಕೈಯಲ್ಲಿದೆ. ಹೋದವರು ಕುಳಿತಿದ್ದ ಜಾಗವನ್ನು ಮಾತ್ರ ಯಾವ ವೇದಿಕೆಯೂ ತುಂಬಲಾರದು, ನಾನೂ ಅವತ್ತು ತುಂಬಲಿಲ್ಲ. ಸ್ವಲ್ಪ ಹೊತ್ತಿಗೆ ಸುಮತಿಯಕ್ಕನ ಬೆರಳುಗಳು ಮತ್ತೆ ಆಡತೊಡಗಿದವು. ಹೂ ಮುಗಿಯುವವರೆಗೂ ನಾನು ದಾರ ಸಡಿಲ ಬಿಡಲಿಲ್ಲ.