ಸೀದ ಪಾತ್ರೆಯ ಪಾಠ

ಮಕ್ಕಳ ಆಶ್ರಯಮನೆಯಲ್ಲಿ ಹದಿನೆಂಟು ತುಂಬಿದವರು ಮನೆ ಬಿಡಬೇಕು. ಬಿಡುವ ಮೊದಲು ಒಂದು ತಿಂಗಳು ಹಿತ್ತಿಲಿನ ಒಂಟಿ ಕೋಣೆಯಲ್ಲಿದ್ದು, ತಾವೇ ಬೇಯಿಸಿಕೊಂಡು, ಒಗೆದುಕೊಂಡು ಬದುಕುವ ಅಭ್ಯಾಸ ಮಾಡಬೇಕು. ಅದನ್ನು ಕಲಿಸುವವಳು ಅಲ್ಲಿನ ಅಡುಗೆಯವಳು, ಎಲ್ಲರ ಬಾಯಲ್ಲೂ ದೊಡ್ಡಮ್ಮ. ಹೆತ್ತದ್ದು ಒಂದೂ ಇಲ್ಲ, ಕಳಿಸಿಕೊಟ್ಟದ್ದು ಅರವತ್ತಕ್ಕೂ ಹೆಚ್ಚು.

ಆ ಮಕ್ಕಳ ಎಡವಟ್ಟುಗಳೇ ಬೇರೆ. ನಲವತ್ತು ತಟ್ಟೆಗಳ ನಡುವೆ ಬೆಳೆದವರಿಗೆ ಒಬ್ಬರಿಗೆ ಎಷ್ಟು ಅಕ್ಕಿ ಎಂಬುದು ಗೊತ್ತಿಲ್ಲ. ಬೀಗದ ಕೈ ತಮ್ಮ ಹತ್ತಿರವೇ ಇದ್ದರೂ ತಮ್ಮದೇ ಕೋಣೆಯ ಬಾಗಿಲು ತಟ್ಟಿ, ಯಾರಾದರೂ ತೆಗೆಯಲೆಂದು ಕಾಯುತ್ತಾರೆ. "ಒಳಗೆ ಯಾರಿದಾರೆ, ನಿಮ್ಮ ಮಾವನಾ?" ಎಂದು ದೊಡ್ಡಮ್ಮ ಗದರುತ್ತಾಳೆ. ಆಮೇಲೆ ಮರೆಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಾಳೆ.

ಎಲ್ಲವನ್ನೂ ಕಲಿಸುವ ಅವಳು ಒಂದನ್ನು ಮಾತ್ರ ಬೇಕೆಂದೇ ಬಿಡುತ್ತಾಳೆ: ತಳ ಸೀದ ಪಾತ್ರೆಯನ್ನು ತೊಳೆಯುವ ಬಗೆ. ಒಂಟಿಯಾಗಿ ಬೇಯಿಸುವವರ ಪಾತ್ರೆ ಇವತ್ತಲ್ಲ ನಾಳೆ ಸೀಯಲೇಬೇಕು. ಅದನ್ನು ಕೇಳಲಿಕ್ಕಾದರೂ ಫೋನ್ ಮಾಡಲಿ ಎಂಬ ಆಸೆ. ಹೊರಡುವವರ ಚೀಲದಲ್ಲಿ ನಂಬರಿನ ಚೀಟಿ ಇಡುತ್ತಾಳೆ. ಯಾರೂ ಮಾಡುವುದಿಲ್ಲ. "ಫೋನ್ ಬರಲಿಲ್ಲ ಅಂದ್ರೆ ಚೆನ್ನಾಗಿದಾರೆ ಅಂತ ತಾನೇ?" ಎಂದು ಆಶ್ರಯಮನೆಯ ಗುಮಾಸ್ತನ ಮುಂದೆ ದೊಡ್ಡದಾಗಿ ಹೇಳುವುದೇನೋ ಸರಿ. ಸ್ನಾನಕ್ಕೆ ಹೋಗುವಾಗಲೂ ಫೋನು ಬಚ್ಚಲ ಕಿಟಕಿಯ ಮೇಲೆ ಇರಲೇಬೇಕು.

ಈ ಸಲ ಹೊರಟವಳು ಗುಬ್ಬಿ. ಹೆಚ್ಚು ಮಾತಿಲ್ಲದ ಹುಡುಗಿ. ಆರು ವರ್ಷ ಕಾಲ ದಿನವೂ ಶಾಲೆ ಬಿಟ್ಟೊಡನೆ ಅಡುಗೆಮನೆಗೆ ಬಂದು, ಯಾರೂ ಹೇಳದಿದ್ದರೂ ದೊಡ್ಡಮ್ಮನ ಪಕ್ಕದಲ್ಲಿ ಕೂತು ಸೀದ ಹಂಡೆಗಳನ್ನೆಲ್ಲ ತಿಕ್ಕಿದವಳು. ಇವಳ ಹತ್ತಿರ ತನ್ನ ಉಪಾಯ ನಡೆಯುವುದಿಲ್ಲ ಎಂದು ದೊಡ್ಡಮ್ಮನಿಗೆ ಗೊತ್ತಿತ್ತು. ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡದ್ದು ಇವಳನ್ನೇ. ಗುಬ್ಬಿ ಹೊರಟಳು, ಗೇಟಿನಲ್ಲಿ ತಿರುಗಿಯೂ ನೋಡಲಿಲ್ಲ. ದೊಡ್ಡಮ್ಮನಿಗೆ ಎರಡು ದಿನ ಊಟ ಸೇರಲಿಲ್ಲ.

ಮೂರು ವಾರ ಕಳೆದು, ಒಂದು ಭಾನುವಾರ ಬೆಳಗ್ಗೆ ಫೋನು ಬಡಿದುಕೊಂಡಿತು.

"ದೊಡ್ಡಮ್ಮ, ನಾನು ಗುಬ್ಬಿ. ಪಾತ್ರೆ ತಳ ಸೀದುಹೋಯ್ತು. ಏನ್ ಮಾಡ್ಲಿ?"

ನಿನಗೆ ಗೊತ್ತಿಲ್ಲದ್ದೇನೇ ಎಂಬ ಮಾತು ತುಟಿಯವರೆಗೆ ಬಂದಿತ್ತು. ದೊಡ್ಡಮ್ಮ ಅದನ್ನು ನುಂಗಿಕೊಂಡಳು.

"ಮೊದಲು ನೀರು ಹಾಕು."

"ಹೂಂ."

"ಎರಡು ಚಮಚ ಉಪ್ಪು. ಉರಿ ಸಣ್ಣಕ್ಕಿರಲಿ. ಅವಸರ ಮಾಡ್ಬೇಡ."

"ನಂಗೇನೂ ಅವಸರ ಇಲ್ಲ. ನೀನು ನಿಧಾನಕ್ಕೆ ಹೇಳು."

ದೊಡ್ಡಮ್ಮ ಕುರ್ಚಿ ಎಳೆದುಕೊಂಡು ಕೂತಳು. "ಸರಿ, ಮೊದಲಿಂದ ಹೇಳ್ತೀನಿ ಕೇಳು," ಎಂದಳು.