ಅಂಚು ಸೀಳದ ರೊಟ್ಟಿ

ವೈಶಾಖದ ಸೋಮವಾರ, ಬೆಳಿಗ್ಗೆ ಎಂಟೂ ಹತ್ತು. ಜಮಖಂಡಿ ಬಸ್ ನಿಲ್ದಾಣ. ಹಾಜರಿದ್ದವರು: ನಾನು, ನಮ್ಮ ಮನೆಯವರು, ಹಳೆಯ ಚಾದರದಲ್ಲಿ ಸುತ್ತಿದ ಒಂದು ಕಟ್ಟಿಗೆಯ ಪರಾತ. ಬೀಳಗಿ ಬಸ್ಸಿಗೆ ಇನ್ನೂ ಹದಿನೈದು ನಿಮಿಷವಿತ್ತು. ಹಿಟ್ಟು ನಾದುವ ಆ ಪರಾತ ಕಾಶವ್ವನದು. ಅದನ್ನು ಹಿಂದಕ್ಕೆ ಕೊಡಲು ಹೊರಟಿದ್ದೆವು. ಕಾಶವ್ವನನ್ನು ನಾನು ನೋಡಿದ್ದು ಅದೇ ಕೊನೆ.

ಅವಳ ವಿಷಯ ಹೇಳಬೇಕಾದರೆ ಸಪ್ಪಳದಿಂದಲೇ ಹೇಳಬೇಕು. ಜೋಳದ ರೊಟ್ಟಿ ಬಡಿಯುವ ಹೆಂಗಸರು ನಮ್ಮ ಕಡೆ ಓಣಿಗೆ ಹತ್ತು ಮಂದಿ ಸಿಗುತ್ತಾರೆ. ಆದರೆ ಕಾಶವ್ವನ ಕೈಗೆ ಒಂದು ತಾಳವಿತ್ತು. ನಾಲ್ಕು ಜೋರು, ಎರಡು ಹಗುರ, ಒಂದು ತಿರುವು. ಬೆಳಗಿನ ನಡಿಗೆ ಮುಗಿಸಿ ಓಣಿಯ ಮೂಲೆಗೆ ಬಂದಾಗ ಆ ಸಪ್ಪಳ ಕೇಳಿಸಿದರೆ ಆರೂ ನಲವತ್ತಾಯಿತೆಂದು ಅರ್ಥ. ಕೈಗಡಿಯಾರ ನೋಡುವ ಅಗತ್ಯವೇ ಇರಲಿಲ್ಲ. ಮೂವತ್ತನಾಲ್ಕು ವರ್ಷ ಕನ್ನಡ ಶಾಲೆಯಲ್ಲಿ ಗಂಟೆಯ ಪ್ರಕಾರ ಬದುಕಿದವಳಿಗೆ ನಿವೃತ್ತಿಯ ಮೇಲೆ ಅವಳ ಕೈಯೇ ಗಂಟೆಯಾಗಿತ್ತು.

ಕುಳ್ಳಗಿನ ಗಟ್ಟಿ ಆಳು. ಹಣೆಗೆ ಬೀರೇಶ್ವರನ ಭಂಡಾರದ ಅರಿಸಿನ, ಅಂಗೈಯಷ್ಟೇ ಅಗಲದ ನಗು. ಸೆರಗಿನ ತುದಿಗೆ ಯಾವಾಗಲೂ ಒಂದು ಗಂಟು. ಎಲೆ ಅಡಿಕೆ ಕಟ್ಟಿಕೊಂಡಿದ್ದಾಳೆ ಎಂದುಕೊಂಡಿದ್ದೆ. ಇನ್ನೊಬ್ಬರ ಸೆರಗಿನ ಗಂಟನ್ನು ಕೇಳುವುದು ಸಭ್ಯತೆಯಲ್ಲ.

ಹತ್ತೊಂಬತ್ತು ವರ್ಷ ಅವಳು ನಮ್ಮ ಮನೆಯಲ್ಲಿ ರೊಟ್ಟಿ ಬಡಿದಳು. ನನ್ನ ಕೈಗೆ ಆ ವಿದ್ಯೆ ಹತ್ತಲಿಲ್ಲ. ನಾನು ಬಡಿದದ್ದು ನಕಾಶೆಯ ಹಾಗೆ ಎಲ್ಲ ಕಡೆ ಸೀಳುತ್ತಿತ್ತು. ಕಾಶವ್ವನದು ಒಂದು ದಿನವೂ ಸೀಳಲಿಲ್ಲ. ಅಕಸ್ಮಾತ್ ಅಂಚು ಒಂದಿಷ್ಟು ಬಿಟ್ಟುಕೊಂಡರೆ ಅದು ತಾಟಿಗೆ ಬರುತ್ತಲೇ ಇರಲಿಲ್ಲ. ಹಿತ್ತಲ ಬಾಗಿಲಿಗೆ ಬರುವ ಆಕಳಿಗೆ ಹೋಗುತ್ತಿತ್ತು. ಬೆಂದ ರೊಟ್ಟಿಯನ್ನು ಕಿಡಕಿಯ ಬೆಳಕಿಗೆ ಹಿಡಿದು, "ಚಂದ್ರಾಮ ನೋಡ್ರಿ ಅಕ್ಕೋರ, ಚಂದ್ರಾಮ" ಎಂದು ತೋರಿಸಿಯೇ ಕೆಳಗಿಡುತ್ತಿದ್ದಳು. ಶಾಲೆಯ ಶಿಕ್ಷಕಿಗೆ ಅಕ್ಕೋರು ಎನ್ನುವುದು ನಮ್ಮ ಕಡೆಯ ರೂಢಿ. ಅವಳ ಇನ್ನೊಂದು ಮಾತು ಓಣಿಗೆಲ್ಲ ಗೊತ್ತಿತ್ತು.

"ಸೀಳಿದ ರೊಟ್ಟಿ, ಮುರಿದ ಮಾತು, ಎರಡೂ ಬಾಯಿಗೆ ಹತ್ತೂದಿಲ್ರಿ."

ಎರಡು ವರ್ಷದ ಹಿಂದೆ ನನ್ನ ಹೊಟ್ಟೆ ಕೆಟ್ಟಿತು. ತಿಂದದ್ದು ನಿಲ್ಲುತ್ತಿರಲಿಲ್ಲ. ಒಂಬತ್ತು ಕಿಲೋ ಇಳಿದೆ. ಮೈಯಲ್ಲಿ ರಕ್ತವಿಲ್ಲದೆ ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಬೆಳಗಾವಿಯಲ್ಲಿ ಹೊಟ್ಟೆಯೊಳಗೆ ನಳಿಕೆ ಇಳಿಸಿ ನೋಡಿದ ಡಾಕ್ಟರು ಸೀಲಿಯಾಕ್ ಎಂದು ಹೆಸರು ಹೇಳಿದರು. ಗೋಧಿಯೊಳಗಿನ ಜಿಗುಟು ನನ್ನ ಕರುಳಿಗೆ ಆಗದು. ಚಪಾತಿ, ರವೆ, ಮೈದಾ, ಶ್ಯಾವಿಗೆ, ಗೋಧಿ ಹುಗ್ಗಿ ಎಲ್ಲ ಬಂದ್. ಔಷಧವೆಂದರೆ ಪಥ್ಯವೊಂದೇ, ಜೀವ ಇರುವವರೆಗೆ. "ಚಿಟಿಕೆಯಷ್ಟೂ ನಡೆಯೋದಿಲ್ಲ. ಜೋಳ ತಿನ್ನಿ, ಸಜ್ಜೆ ತಿನ್ನಿ, ಅಕ್ಕಿ ತಿನ್ನಿ" ಎಂದರು. ನನಗೆ ನಗು ಬಂತು. ಜೋಳದ ಸೀಮೆಯಲ್ಲಿ ಹುಟ್ಟಿದವಳಿಗೆ ಜೋಳ ತಿನ್ನು ಎನ್ನುವುದು ಶಿಕ್ಷೆಯೆ?

ಶಿಕ್ಷೆಯೇನೂ ಆಗಲಿಲ್ಲ; ಶಿಸ್ತು ಬೇಕಾಯಿತು. ಅದು ನನ್ನ ಹತ್ತಿರ ಬೇಕಾದಷ್ಟಿತ್ತು. ಜೋಳವನ್ನು ನಾನೇ ಹಸನು ಮಾಡಿದೆ. ಗಿರಣಿಯಲ್ಲಿ ಗೋಧಿ ಬೀಸುವ ಮೊದಲು, ಬೆಳಿಗ್ಗೆ ಗಿರಣಿ ತೊಳೆಸಿ, ಮೊದಲ ಪಾಳಿ ನನ್ನದೆಂದು ಗೊತ್ತು ಮಾಡಿದೆ. ಹಂಚು, ತಾಟು, ಡಬ್ಬಿಗಳಿಗೆ ಕೆಂಪು ಬಣ್ಣದ ಗುರುತು ಹಾಕಿದೆ. ಮದುವೆಮನೆಗೆ ಡಬ್ಬಿ ಕಟ್ಟಿಕೊಂಡು ಹೋದೆ. "ಒಂದ ತುತ್ತು ಹುಗ್ಗಿ ತಿಂದ್ರ ಏನ ಆಗತೈತ್ರಿ" ಎಂದವರಿಗೆ "ಏನಾಗತೈತಿ ಅನ್ನೂದನ್ನ ನಾಳೆ ನಮ್ಮನಿಗೆ ಬಂದು ನೋಡ್ರಿ" ಎಂದು ಬಾಯಿ ಮುಚ್ಚಿಸಿದೆ.

ಸುದ್ದಿ ಕೇಳಿದ ಮರುದಿನವೇ ಕಾಶವ್ವ ತಲೆಯ ಮೇಲೆ ಆ ಕಟ್ಟಿಗೆಯ ಪರಾತ ಹೊತ್ತು ಬಂದಳು.

"ನಮ್ಮವ್ವಂದರಿ ಇದು. ಆಕಿ ಜೋಳ ಬಿಟ್ಟು ಬ್ಯಾರೆ ಹಿಟ್ಟು ಇದಕ್ಕ ತೋರಿಸಿಲ್ಲ. ನಿಮಗ ಇರಲಿ."

ನಾನು ಅತ್ತಿರಬೇಕು. ಅಳುವುದು ನನ್ನ ಅಭ್ಯಾಸವಲ್ಲ, ಆದ್ದರಿಂದ ನೆನಪಿದೆ.

ಎಂಟು ತಿಂಗಳಲ್ಲಿ ನಾನು ಮೊದಲಿನಂತಾದೆ. ಆದರೆ ದೀಪಾವಳಿಯ ಹೊತ್ತಿಗೆ ಹೊಟ್ಟೆ ಮತ್ತೆ ಕೈಕೊಟ್ಟಿತು. ರಕ್ತ ಪರೀಕ್ಷೆ ನೋಡಿ ಡಾಕ್ಟರು, "ಎಲ್ಲೋ ಗೋಧಿ ಹೊಟ್ಟೆಗೆ ಹೋಗ್ತಾ ಇದೆ" ಎಂದರು. "ಸಾಧ್ಯವಿಲ್ಲ" ಎಂದೆ. ಅವರು ಮೇಜಿನ ಮೇಲಿದ್ದ ಕಾಗದವನ್ನು ನನ್ನ ಕಡೆ ತಿರುಗಿಸಿದರು, ಅಷ್ಟೆ.

ಮನೆಗೆ ಬಂದು ತಪಾಸಣೆ ಸುರು ಮಾಡಿದೆ. ಇಂಗಿನ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು ಎಂದಿತ್ತು. ಬಿಸಾಡಿದೆ. ಗಿರಣಿಯವನ ಜೊತೆ ಜಗಳವಾಡಿ ಗಿರಣಿ ಬದಲಿಸಿದೆ. ಕೊನೆಗೆ ಕಣ್ಣು ಬಿದ್ದದ್ದು ನಮ್ಮ ಮನೆಯವರ ಟೋಸ್ಟಿನ ಮೇಲೆ. ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದ ಸೌಮ್ಯ ಮನುಷ್ಯ. ಬೆಳಗಿನ ಚಹಾದಲ್ಲಿ ಎರಡು ಟೋಸ್ಟ್ ಅದ್ದಿ ತಿನ್ನುವುದೊಂದೇ ಅವರ ಚಟ.

"ಆ ಪುಡಿ ಎಲ್ಲಾ ಕಡೆ ಹಾರತೈತಿ. ನಿಮ್ಮ ನಾಲಿಗಿ ಹೆಚ್ಚೋ, ನನ್ನ ಜೀವ ಹೆಚ್ಚೋ?" ಎಂದು ಕೂಗಾಡಿದೆ.

ಅವರು ಅರ್ಧ ತಿಂದ ಟೋಸ್ಟನ್ನು ಬಸಿಯಲ್ಲಿಟ್ಟು ನನ್ನನ್ನು ನೋಡಿದರು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಕಾಶವ್ವ ತಿರುಗಿ ಹೇಳಿದಳು:

"ಸಾಹೇಬ್ರ, ಅಕ್ಕೋರ ಮಾರಿ ನೋಡ್ರಿ, ಸುಣ್ಣ ಬಳದಂಗಾಗೈತಿ. ಬಿಟ್ಟಬಿಡ್ರಿ ಆ ಟೋಸ್ಟು."

ಅವರು ಬಿಟ್ಟರು. ಎರಡು ತಿಂಗಳು ಬರೀ ಚಹಾ ಕುಡಿದರು. ನಾನು ಇಳಿಯುತ್ತಲೇ ಹೋದೆ. ಕಾಶವ್ವ ಮಾತ್ರ ದಿನವೂ ಬಾಗಿಲಲ್ಲಿ ನಿಂತು, "ಇವತ್ತ ಹೊಟ್ಟಿ ಹೆಂಗೈತ್ರಿ?" ಎಂದು ಕೇಳಿಯೇ ಒಳಗೆ ಬರುತ್ತಿದ್ದಳು. ಅವಳ ಕೈಯ ಸಪ್ಪಳ ಮೆತ್ತಗಾದದ್ದು ನನ್ನ ಕಿವಿಗೆ ಬಿದ್ದಿತ್ತು. ನಾಲ್ಕು ಜೋರು ಇದ್ದದ್ದು ಎರಡಾಗಿತ್ತು. ವಯಸ್ಸು ಎಂದುಕೊಂಡೆ. ಎಲ್ಲವನ್ನೂ ತಪಾಸಣೆ ಮಾಡಿದವಳು ಆ ಒಂದನ್ನು ಬಿಟ್ಟೆ.

ಸಂಕ್ರಾಂತಿ ಮುಗಿದ ವಾರ. ಆರೂ ಹತ್ತಕ್ಕೆ ಎಂದಿನಂತೆ ನಡೆಯಲು ಹೊರಟೆ. ಕಾಶವ್ವ ಹಿಟ್ಟು ನಾದುವುದು ನಾನಿಲ್ಲದ ಆ ಅರ್ಧ ಗಂಟೆಯಲ್ಲಿ. ಅಂದು ಕಬ್ಬು ತುಂಬಿದ ಟ್ರ್ಯಾಕ್ಟರಿನ ಎರಡನೆಯ ಟ್ರೇಲರ್ ಉರುಳಿ ರಸ್ತೆಗೆ ಅಡ್ಡ ಬಿದ್ದಿತ್ತು. ದಾಟಲು ದಾರಿಯಿಲ್ಲದೆ ಹಿಂದಿರುಗಿದೆ. ಹಿತ್ತಲ ಬಾಗಿಲಿಂದ ಒಳಗೆ ಬಂದರೆ ಕಾಶವ್ವ ನನಗೆ ಬೆನ್ನು ಮಾಡಿ ಕುಳಿತಿದ್ದಾಳೆ. ಹಲ್ಲಿನಿಂದ ಸೆರಗಿನ ಗಂಟು ಬಿಚ್ಚುತ್ತಿದ್ದಾಳೆ. ಗಂಟಿನಿಂದ ಒಂದು ಹಿಡಿ ಹಿಟ್ಟು ಅವಳವ್ವನ ಪರಾತಕ್ಕೆ ಬಿತ್ತು. ಜೋಳದ ಹಿಟ್ಟಿನ ಬಿಳುಪಿನ ಮೇಲೆ ಅದರ ಕಂದು ಎದ್ದು ಕಂಡಿತು.

"ಏನದು, ಕಾಶವ್ವ?"

ಅವಳು ಬೆಚ್ಚಲಿಲ್ಲ. ನಿಧಾನವಾಗಿ ತಿರುಗಿದಳು.

"ಹಿಟ್ಟರೀ."

"ಯಾತರ ಹಿಟ್ಟು?"

"ಗೋಧಿದರಿ. ಒಂದ ಹಿಡಿ ಅಷ್ಟ."

"ಯಾವಾಗಿಂದ ನಡದೈತಿ ಇದು?"

"ದಸರಾ ಆದಮ್ಯಾಲಿಂದರಿ. ಮಳಿಗಾಲದಾಗ ಆ ಕೀಲುಬ್ಯಾನಿ ಜ್ವರ ಬಂದು ಹೋದಾಗಿಂದ ಬಟ್ಟು ಮಡಚವಲ್ಲವು, ಕೈ ಆಗವಲ್ದು. ಬರೇ ಜೋಳದ್ದು ಬಡದ್ರ ಅಂಚು ಸೀಳತೈತಿ. ಹತ್ತೊಂಬತ್ತ ವರ್ಷ ಸೀಳಲಾರದ್ದು ಈಗ ಸೀಳಿದ್ದು ನಿಮ್ಮ ತಾಟಿಗೆ ಹೆಂಗ ಹಾಕ್ಲಿ? ಮೊದಲ ಒಂದ ಚಿಮಟಿ ಹಾಕತಿದ್ನಿ. ಆಮ್ಯಾಲ ನೀವು ಸೊರಗಾಕತ್ತಿದ್ರಿ. ಗೋಧಿ ಅಂದ್ರ ತಾಕತ್ತು ಅಲ್ಲೇನ್ರಿ? ಅದಕ್ಕ ಒಂದ ಹಿಡಿ ಮಾಡಿದ್ನಿ."

ನಾನು ಇಳಿದಷ್ಟೂ ಅವಳು ಏರಿಸಿದ್ದಳು.

"ಡಾಕ್ಟರ್ ಏನ ಹೇಳ್ಯಾರ ಅಂತ ನಿನಗ ಮೊದಲ ಹೇಳಿದ್ದೆ ನಾನು."

"ಹೇಳಿದ್ರಿ. ಡಾಕ್ಟರಂದು ಒಂದ ಇರತೈತಿ, ಲೋಕದ್ದು ಒಂದ ಇರತೈತಿ. ಬಾಣಂತಿಗೆ ಗೋಧಿ ಕುದಿಸಿ ಹಾಕೂ ಮಂದಿ ನಾವು. ನಾ ಏನ ನಿಮಗ ವಿಷ ಹಾಕೀನೇನ್ರಿ?"

"ಹೌದು, ಕಾಶವ್ವ. ವಿಷಾನ ಹಾಕೀದಿ."

ಅವಳ ಮುಖ ಬಿಗಿಯಿತು. ಕೈ ತೊಳೆದಳು. ರೊಟ್ಟಿಗೆ ನೀರು ಸವರುವ ಅರಿವೆಯನ್ನು ಹಿಂಡಿ, ಜಾಡಿಸಿ, ಎಂದಿನ ಮೊಳೆಗೆ ಹಾಕಿದಳು. ಸೆರಗಿನಲ್ಲಿ ಉಳಿದ ಹಿಟ್ಟನ್ನು ಮತ್ತೆ ಗಂಟು ಕಟ್ಟಿಕೊಂಡು ಹೊರಟುಹೋದಳು. ತಪ್ಪಾಯಿತು ಎನ್ನಲಿಲ್ಲ.

ಗೋಧಿಯನ್ನು ನಾನು ಕ್ಷಮಿಸಬಲ್ಲೆ. ಅವಳಿಗೆ ರೋಗದ ಮೇಲೆ ನಂಬಿಕೆ ಬರಲಿಲ್ಲ, ಓಣಿಯಲ್ಲಿ ಯಾರಿಗೆ ಬಂದಿತ್ತು? ನನ್ನೊಳಗೆ ಇಂದಿಗೂ ಕರಗದೆ ಕುಳಿತಿರುವುದು ಟೋಸ್ಟಿನ ಬೆಳಗು. ಸೆರಗಿನಲ್ಲಿ ಗಂಟು ಇಟ್ಟುಕೊಂಡೇ ಅವಳು, ಬಿಟ್ಟುಬಿಡಿ ಎಂದು ಆ ಬಡಪಾಯಿಗೆ ಬುದ್ಧಿ ಹೇಳಿದ್ದಳು. ಮೂವತ್ತೆಂಟು ವರ್ಷ ಜೊತೆಗಿದ್ದವರನ್ನು ಬಿಟ್ಟು ನಾನು ಅವಳ ಕಡೆ ನಿಂತಿದ್ದೆ.

ಅಂದು ಮಧ್ಯಾಹ್ನ ನಾನೇ ಬೇಕರಿಗೆ ಹೋಗಿ ಟೋಸ್ಟ್ ತಂದು ಅವರ ಮುಂದಿಟ್ಟು, ನಡೆದದ್ದು ಹೇಳಿದೆ. ಅವರು ಪಾಕೀಟು ತಿರುಗಿಸಿ ನೋಡಿದರು.

"ಹಂಗಾರ ಖುಲಾಸೆ ಆತೇನು ನಂದು?"

"ಆತು. ಆದ್ರ ಹೊರಗ ಕಟ್ಟಿ ಮ್ಯಾಲ ಕುಂತು ತಿನ್ರಿ."

ಕಾಶವ್ವ ಮತ್ತೆ ಬರಲಿಲ್ಲ. ನಾನೂ ಕರೆಯಲಿಲ್ಲ. ಬೀಳಗಿಯ ಮಗಳ ಮನೆಗೆ ಹೋಗಿ ಉಳಿದಳೆಂದು ಕೇಳಿದೆ. ನಾಲ್ಕು ತಿಂಗಳಲ್ಲಿ ನನ್ನ ಮೈ ತುಂಬಿಕೊಂಡಿತು. ಪರಾತ ಮಾತ್ರ ಮೂಲೆಯಲ್ಲಿ ಉಳಿಯಿತು. ಕಟ್ಟಿಗೆ ಹಿಟ್ಟು ಕುಡಿಯುತ್ತದೆ, ತೊಳೆದರೆ ಹೋಗುವುದಿಲ್ಲ; ನನಗದರ ಉಪಯೋಗವಿಲ್ಲ. ಇನ್ನೊಬ್ಬರ ತಾಯಿಯ ವಸ್ತುವನ್ನು ಒಲೆಗೆ ಹಾಕುವುದೂ ಸರಿಯಲ್ಲ. ಅದಕ್ಕೇ ಆ ಸೋಮವಾರ ಬಸ್ಸು ಹತ್ತಿದ್ದು.

ಬೀಳಗಿಯಲ್ಲಿ ಕಿರಾಣಿ ಅಂಗಡಿಯ ಹಿಂದಿನ ಮನೆ. ಮಗಳು ಹೊಲಕ್ಕೆ ಹೋಗಿದ್ದಳು. ಕಾಶವ್ವ ಒಬ್ಬಳೇ ಹೊಸ್ತಿಲಲ್ಲಿ ಕುಳಿತಿದ್ದಳು. ಕೈಗಳು ಮಡಿಲಲ್ಲಿ, ಬೆರಳು ಬೇರಿನಂತೆ ತಿರುಚಿದ್ದವು. ನಮ್ಮನ್ನು ಕಂಡು ಎದ್ದಳು.

"ಬರ್ರಿ ಅಕ್ಕೋರ. ಬರ್ರಿ ಸಾಹೇಬ್ರ. ಹೊಟ್ಟಿ ಹೆಂಗೈತ್ರಿ?"

"ಈಗ ಆರಾಮ ಐತಿ" ಎಂದೆ. ಆ 'ಈಗ' ಅವಳಿಗೆ ತಾಗಿತು. ತಾಗಲಿ ಎಂದೇ ಹೇಳಿದ್ದೆ.

ಚಾದರ ಬಿಚ್ಚಿ ಪರಾತ ಮುಂದಿಟ್ಟೆ.

"ಇದನ್ಯಾಕ ತಂದ್ರಿ? ನಿಮಗಂತ ಕೊಟ್ಟಿದ್ದು."

"ಗೋಧಿ ಕುಡದೈತಿ ಇದು. ನನಗ ಉಪಯೋಗಕ್ಕ ಬರೂದಿಲ್ಲ."

ಅವಳು ಪರಾತದ ಅಂಚನ್ನು ಸವರಿದಳು. "ಕುಂದರ್ರಿ" ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಸಪ್ಪಳ ಕೇಳಿಸಿತು. ಒಂದು ಜೋರು. ನಿಲ್ಲುವುದು. ಒಂದು ಹಗುರ. ಮತ್ತೆ ನಿಲ್ಲುವುದು. ನಮ್ಮ ಮನೆಯವರು ನನ್ನನ್ನು ನೋಡಿದರು, ನಾನು ಅಂಗಳ ನೋಡಿದೆ.

ಕಾಶವ್ವ ತಾಟು ತಂದಿಟ್ಟಳು. ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ರೊಟ್ಟಿಯ ಅಂಚು ಸುತ್ತಲೂ ಸೀಳಿತ್ತು. ಒಂದಂತೂ ನಡುವಿನವರೆಗೆ ಬಿಟ್ಟುಕೊಂಡಿತ್ತು.

"ಸೀಳ್ಯಾವ್ರಿ" ಎಂದಳು. "ನೋಡ್ರಿ ಅಕ್ಕೋರ. ಎಷ್ಟ ಸೀಳ್ಯಾವ ನೋಡ್ರಿ."

ತಿಳಿಯಿತು ನನಗೆ. ಸೀಳಿದ ರೊಟ್ಟಿಯನ್ನು ಜೀವಮಾನದಲ್ಲಿ ತಾಟಿಗೆ ಹಾಕದ ಹೆಂಗಸು ಅದನ್ನು ತಂದು ನನ್ನ ಮುಂದೆ ಇಟ್ಟಿದ್ದಳು. ಗೋಧಿ ಬಿದ್ದ ರೊಟ್ಟಿ ಹಾಗೆ ಸೀಳುವುದಿಲ್ಲ. ಅವಳ ಬಳಿ ಇದ್ದ ಸಾಕ್ಷಿ ಅದೊಂದೇ.

ತೆರೆದ ಬಾಗಿಲಿನಿಂದ ಅಡುಗೆಮನೆ ಕಾಣುತ್ತಿತ್ತು. ಲಟ್ಟಣಿಗೆ, ಮಣೆ, ಒಂದೇ ಹಂಚು. ಬೆಳಿಗ್ಗೆ ಅದರ ಮೇಲೆ ಚಪಾತಿ ಬೆಂದಿರಬೇಕು.

"ಬ್ಯಾಡ, ಕಾಶವ್ವ."

"ನಂಬಿಕಿಲ್ಲೇನ್ರಿ?"

"ಹಂಚು ಒಂದ ಐತಿ ನಿಮ್ಮನ್ಯಾಗ."

ಅದು ನಿಜ. ಹಂಚು ಬೇರೆ ಇದ್ದಿದ್ದರೂ ನಾನು ತಿನ್ನುತ್ತಿರಲಿಲ್ಲ ಎಂಬುದೂ ನಿಜ. ಅದು ಅವಳಿಗೂ ತಿಳಿಯಿತು. ನಮ್ಮ ಮನೆಯವರು ತಾಟನ್ನು ತಮ್ಮ ಕಡೆ ಎಳೆದುಕೊಂಡು ಎರಡೂ ರೊಟ್ಟಿ ತಿಂದರು. "ಛಲೋ ಆಗ್ಯಾವ ನೋಡು, ಕಾಶವ್ವ" ಎಂದರು. ಅವಳು ಅವರ ಕಡೆ ತಿರುಗಲೇ ಇಲ್ಲ. ನನ್ನ ಖಾಲಿ ಕೈಯನ್ನೇ ನೋಡುತ್ತಿದ್ದಳು.

ಎರಡೂವರೆಯ ಬಸ್ಸಿಗೆ ಹೊರಟೆವು. ಬಸ್ಸಿನಲ್ಲಿ ನಮ್ಮ ಮನೆಯವರು ಒಂದೇ ಮಾತು ಆಡಿದರು. "ಒಂದ ಚೂರು ಮುರದು ಕೈಯಾಗರ ಹಿಡಕೊಬೇಕಿತ್ತು ನೀ."

ಸಂಜೆ ಏಳಕ್ಕೆ ಒಲೆ ಹೊತ್ತಿಸಿದೆ. ಸ್ಟೀಲಿನ ಪರಾತದಲ್ಲಿ ಎಸರಿನ ನೀರು ಹಾಕಿ ಹಿಟ್ಟು ನಾದಿದೆ. ಮೂರು ರೊಟ್ಟಿ ಬಡಿದೆ. ಮೂರೂ ಸೀಳಿದವು. ಪಲ್ಯದ ಜೊತೆ ತಿಂದೆ. ಸೀಳಿದ ರೊಟ್ಟಿ ಬಾಯಿಗೆ ಹತ್ತುವುದಿಲ್ಲ ಎಂದು ಕಾಶವ್ವ ಹೇಳುತ್ತಿದ್ದದ್ದು ಸುಳ್ಳು. ಹತ್ತುತ್ತದೆ. ಮುರಿದ ಮಾತಿನ ಬಗ್ಗೆ ಅವಳು ಹೇಳಿದ್ದು ಸುಳ್ಳಲ್ಲ.

ಕೆಂಪು ಗುರುತಿನ ಹಂಚು ತೊಳೆದೆ. ಅರಿವೆ ಹಿಂಡಿ, ಜಾಡಿಸಿ, ಮೊಳೆಗೆ ಹಾಕಿದೆ. ಏಳೂ ನಲವತ್ತು.